ಅಲೈನ್‌ಮೆಂಟ್ ಆದ ಮೇಲೆ ಘಾಟಿ ತಿರುವಿನಲ್ಲಿ ಗಾಡಿ ತಾನೇ ಬ್ರೇಕ್ ಹಿಡಿಯುತ್ತಿದೆ, ಇಎಸ್‌ಪಿ ಫ್ಯೂಸ್ ಕಿತ್ತರೆ ಆಗುತ್ತಾ?

ಸಕಲೇಶಪುರ ಕಾಫಿ:
ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ಶುರುವಾಗಿದೆ. ಗೊತ್ತಿರುವವರು ಸ್ವಲ್ಪ ದಾರಿ ಹೇಳಿ.

ನನ್ನದು ಪೆಟ್ರೋಲ್ ಹ್ಯಾಚ್‌ಬ್ಯಾಕ್, 60 ಸಾವಿರ ಕಿ.ಮೀ. ದಾಟಿದೆ. ಇಎಸ್‌ಪಿ (ಗಾಡಿ ಜಾರಿದರೆ ತಾನೇ ಬ್ರೇಕ್ ಹಿಡಿದು ದಾರಿಗೆ ತರುವ ವ್ಯವಸ್ಥೆ), ಟ್ರ್ಯಾಕ್ಷನ್ ಕಂಟ್ರೋಲ್ (ಎಕ್ಸಲರೇಟರ್ ಒತ್ತಿದಾಗ ಚಕ್ರ ನಿಂತಲ್ಲೇ ಸುತ್ತದಂತೆ ತಡೆಯುವುದು) ಎರಡೂ ಇವೆ. ಇತ್ತೀಚೆಗೆ ಹಾಸನದ ಒಂದು ಗ್ಯಾರೇಜಿನಲ್ಲಿ ಬಲಗಡೆಯ ಟೈ ರಾಡ್ ಎಂಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿ) ಮತ್ತು ಸಸ್ಪೆನ್ಷನ್ನಿನ ಲೋಯರ್ ಆರ್ಮ್ ಬುಷ್ ಬದಲಾಯಿಸಿದರು. ಆಮೇಲೆ ಪಕ್ಕದ ಅಂಗಡಿಯಲ್ಲಿ ವೀಲ್ ಅಲೈನ್‌ಮೆಂಟ್ ಆಯಿತು. ಅಲ್ಲಿಂದ ಈ ಕಾಟ.

ಶಿರಾಡಿ ಘಾಟಿ ಇಳಿಯುವಾಗ ಎಡ ತಿರುವು ಬಂದರೆ ಸಾಕು, ಮೀಟರ್ ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿನುಗುತ್ತದೆ. ಎಕ್ಸಲರೇಟರ್ ಒತ್ತಿದರೂ ಎಂಜಿನ್ ಎಳೆಯುವುದಿಲ್ಲ. ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಬಂದು ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಾನು ಬ್ರೇಕ್ ಮುಟ್ಟಿರುವುದೇ ಇಲ್ಲ! ಸ್ವಲ್ಪ ದೂರ ಹೋದ ಮೇಲೆ ಲೈಟ್ ಮಿನುಗುವುದು ನಿಂತು ಪೂರ್ತಿ ಉರಿಯುತ್ತದೆ. ಆಮೇಲೆ ಎಳೆತ ಇರುವುದಿಲ್ಲ. ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಮೊದಲಿನಿಂದ ಅದೇ ಕಥೆ.

ಗ್ಯಾರೇಜಿನವರನ್ನು ಕೇಳಿದರೆ, "ಬ್ರೇಕ್ ಚೆನ್ನಾಗಿದೆ ಸರ್, ಇದೆಲ್ಲ ಎಲೆಕ್ಟ್ರಾನಿಕ್ಸ್ ಕಿರಿಕಿರಿ. ಬೇಕಾದರೆ ಫ್ಯೂಸ್ ಕಿತ್ತು ಕೊಡುತ್ತೇವೆ" ಅಂದರು. ಮನೆಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಮಂಗಳೂರಿಗೆ ಓಡಾಡುವ ಗಾಡಿ ಇದು. ಫ್ಯೂಸ್ ಕಿತ್ತರೆ ಏನಾದರೂ ತೊಂದರೆ ಇದೆಯಾ?

ಹಳೇ ಅಂಬಾಸಿಡರ್:
ಕಿತ್ತುಬಿಡಿ ಸರ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಲ್ಲಿ ಇದೇ ಶಿರಾಡಿ, ಇದೇ ಚಾರ್ಮಾಡಿಯನ್ನು ಮಳೆಗಾಲದಲ್ಲೇ ಹತ್ತಿ ಇಳಿದವರು ನಾವು. ಆಗ ಯಾವ ಇಎಸ್‌ಪಿ ಇತ್ತು? ಕೈಕಾಲು ಹಿಡಿತದಲ್ಲಿದ್ದರೆ ಸಾಕು. ಡ್ರೈವರ್ ಹೇಳದೆ ಗಾಡಿ ಬ್ರೇಕ್ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹುಬ್ಬಳ್ಳಿ ಗ್ಯಾರೇಜ್:
ಸಕಲೇಶಪುರದ ಅಣ್ಣ, ದಯವಿಟ್ಟು ಫ್ಯೂಸ್ ಮುಟ್ಟಬೇಡಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಟ್ರ್ಯಾಕ್ಷನ್, ಇಎಸ್‌ಪಿ ಮೂರಕ್ಕೂ ಒಂದೇ ಪಂಪ್, ಒಂದೇ ಕಂಪ್ಯೂಟರ್. ಫ್ಯೂಸ್ ಕಿತ್ತರೆ ಮೂರೂ ಹೋಗುತ್ತವೆ. ಜೊತೆಗೆ ಇಬಿಡಿ ಕೂಡ ಹೋಗುತ್ತದೆ. ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಕೊಡಬೇಕು ಅಂತ ಅಳೆದು ಕೊಡುವುದು ಅದೇ. ಘಾಟಿ ಇಳಿಯುವಾಗ ಭಾರ ಎಲ್ಲಾ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿರುತ್ತದೆ. ಆಗ ಇಬಿಡಿ ಇಲ್ಲದೆ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ.

ಇನ್ನೊಂದು. ಲೈಟ್ ಮಿನುಗುತ್ತಿದ್ದರೆ ಇಎಸ್‌ಪಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದೇ ಸಮ ಉರಿದರೆ ದೋಷ ಕಂಡು ತಾನೇ ಆಫ್ ಆಗಿದೆ ಅಂತ. ನಿಮ್ಮ ಗಾಡಿ ಮೊದಲು ಜಾರುತ್ತಿದ್ದೇನೆ ಅಂತ ತಪ್ಪು ತಿಳಿದು ಬ್ರೇಕ್ ಹಿಡಿಯುತ್ತಿದೆ. ಆಮೇಲೆ ಲೆಕ್ಕ ಹೊಂದುತ್ತಿಲ್ಲ ಅಂತ ಗೊತ್ತಾಗಿ ಬಿಟ್ಟುಕೊಡುತ್ತಿದೆ. ಅಂದರೆ ಪಂಪ್ ಚೆನ್ನಾಗಿದೆ, ಅದಕ್ಕೆ ಹೋಗುತ್ತಿರುವ ಮಾಹಿತಿ ತಪ್ಪು.

ನಾಲ್ಕೂ ಟೈರ್ ಒಂದೇ ಸೈಜಾ? ನೇರ ರಸ್ತೆಯಲ್ಲಿ ಸ್ಟೇರಿಂಗ್ ನೆಟ್ಟಗಿರುತ್ತದಾ? ಬ್ಯಾಟರಿ ತೆಗೆದಿದ್ದರಾ? ಇಷ್ಟು ಹೇಳಿ.

ತುಮಕೂರು ಟೈರ್:
ಟೈರ್ ಸೈಜ್ ಪ್ರಶ್ನೆಗೆ ನನ್ನದೂ ಒಂದು ಮಾತು. 185/65 ಆರ್15 ಇದ್ದ ಗಾಡಿಗೆ ಎರಡು ಮಾತ್ರ 195/65 ಆರ್15 ಹಾಕಿಸಿಕೊಂಡು ಬರುತ್ತಾರೆ. "ಸ್ವಲ್ಪ ದಪ್ಪ ಅಷ್ಟೇ ಅಲ್ವಾ" ಅಂತಾರೆ. ದಪ್ಪ ಮಾತ್ರ ಅಲ್ಲ, ಎತ್ತರವೂ 13 ಮಿ.ಮೀ. ಜಾಸ್ತಿ. ಸುಮಾರು ಶೇ. 2ರಷ್ಟು ವ್ಯತ್ಯಾಸ. ಚಿಕ್ಕ ಟೈರ್ ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ. ಒಂದು ಚಕ್ರ ಬೇಗ ತಿರುಗುತ್ತಿದೆ, ಹಾಗಾದರೆ ಜಾರುತ್ತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪೂರ್ತಿ ಸವೆದ ಟೈರ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಹಾಕಿದರೂ ಇದೇ ಗೋಳು. ಚಿಕ್ಕ ಸ್ಟೆಪ್ನಿ ಹಾಕಿಕೊಂಡು ದೂರ ಹೋಗಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಸಕಲೇಶಪುರ ಕಾಫಿ:
ಟೈರ್ ನಾಲ್ಕೂ ಒಂದೇ ಸೈಜ್, ಒಂದೇ ಸಲ ಹಾಕಿಸಿದ್ದು. ಬ್ಯಾಟರಿ ಮುಟ್ಟಿಲ್ಲ. ಸ್ಟೇರಿಂಗ್ ಈಗ ನೆಟ್ಟಗಿದೆ. ಟೈ ರಾಡ್ ಹಾಕಿದ ಮೇಲೆ ಬಲಕ್ಕೆ ವಾಲಿತ್ತು. ಅಲೈನ್‌ಮೆಂಟ್ ಅಂಗಡಿಯ ಹುಡುಗ ಸ್ಟೇರಿಂಗ್ ವೀಲನ್ನು ಬಿಚ್ಚಿ ನೆಟ್ಟಗೆ ಕೂರಿಸಿಕೊಟ್ಟ.

ಹುಬ್ಬಳ್ಳಿ ಗ್ಯಾರೇಜ್:
ಸಿಕ್ಕಿತು ನೋಡಿ! ನಿಮ್ಮ ರೋಗ ಅಲ್ಲೇ ಇದೆ.

ಸ್ಟೇರಿಂಗ್ ವೀಲ್ ಕೆಳಗೆ, ಕಾಲಂ ಮೇಲೆ, ಸ್ಟೇರಿಂಗ್ ಆಂಗಲ್ ಸೆನ್ಸರ್ ಇರುತ್ತದೆ. ಡ್ರೈವರ್ ಎಷ್ಟು ತಿರುಗಿಸಿದ್ದಾನೆ ಅಂತ ಹೇಳುವುದು ಅದು. ಸೀಟಿನ ಕೆಳಗೋ ಗೇರ್ ಕನ್ಸೋಲ್ ಕೆಳಗೋ ಇನ್ನೊಂದು ಸೆನ್ಸರ್ ಇರುತ್ತದೆ, ಯಾ ಸೆನ್ಸರ್. ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಅದು ಹೇಳುತ್ತದೆ. ಇವೆರಡೂ ಹೊಂದಬೇಕು. ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದಿದ್ದರೆ ಮುಂಭಾಗ ಜಾರುತ್ತಿದೆ ಅಂತ ಲೆಕ್ಕ. ಸ್ಟೇರಿಂಗ್‌ಗಿಂತ ಜಾಸ್ತಿ ತಿರುಗಿದರೆ ಹಿಂಭಾಗ ಜಾರುತ್ತಿದೆ ಅಂತ. ಅದಕ್ಕೆ ತಕ್ಕ ಹಾಗೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಕೊಟ್ಟು ಗಾಡಿಯನ್ನು ದಾರಿಗೆ ತರುತ್ತದೆ.

ಈಗ ನಿಮ್ಮ ಗಾಡಿಯಲ್ಲಿ ಆಗಿರುವುದು ಏನು? ಟೈ ರಾಡ್ ಉದ್ದ ಎಡಬಲ ಸಮ ಇಲ್ಲ. ಅದನ್ನು ಸರಿ ಮಾಡದೆ ವೀಲನ್ನು ಒಂದು ಹಲ್ಲು ಪಕ್ಕಕ್ಕೆ ಕೂರಿಸಿದ್ದಾರೆ. ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ಆದರೆ ಕಾಲಂ ಇನ್ನೂ ಓರೆಯಾಗೇ ಇದೆ. ನೇರ ರಸ್ತೆಯಲ್ಲೂ ಡ್ರೈವರ್ ತಿರುಗಿಸಿದ್ದಾನೆ ಅಂತಲೇ ಸೆನ್ಸರ್ ಹೇಳುತ್ತಿರುತ್ತದೆ. ನೇರ ದಾರಿಯಲ್ಲಿ ಹೇಗೋ ಹೊಂದಿಕೊಂಡು ಹೋಗುತ್ತದೆ. ಘಾಟಿಯಲ್ಲಿ ಸಿಕ್ಕಿಬೀಳುತ್ತದೆ.

ಪರಿಹಾರ: ವೀಲನ್ನು ಮೊದಲಿನ ಗುರುತಿಗೇ ವಾಪಸ್ ಕೂರಿಸಬೇಕು. ಎರಡೂ ಟೈ ರಾಡ್ ಹೊಂದಿಸಿ ಅಲೈನ್‌ಮೆಂಟ್ ಹೊಸದಾಗಿ ಆಗಬೇಕು. ಕೊನೆಗೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಯಂತ್ರ) ಹಾಕಿ ಆಂಗಲ್ ಸೆನ್ಸರ್‌ಗೆ ಸೊನ್ನೆ ಕೊಡಿಸಿ, ಅಂದರೆ ನೇರ ಅಂದರೆ ಇದು ಅಂತ ಅದಕ್ಕೆ ಕಲಿಸಿ. ಅಲ್ಲಿಯವರೆಗೆ ಘಾಟಿಗೆ ಹೋಗಬೇಡಿ, ಅದರಲ್ಲೂ ಮಳೆಯಲ್ಲಿ.

ಪೀಣ್ಯ ವೈರಿಂಗ್:
ಹುಬ್ಬಳ್ಳಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ವೀಲ್ ಮಧ್ಯೆ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆಯದೆ ವೀಲ್ ಬಿಚ್ಚಿದ್ದಾರೆ ಅಂದರೆ ಆ ಹುಡುಗನ ಮುಖದ ಮುಂದೆ ಜೀವಂತ ಪಟಾಕಿ ಇತ್ತು. ಮೈನಸ್ ವೈರ್ ತೆಗೆದು, ಕೆಲವು ನಿಮಿಷ ಕಾಯಬೇಕು. ಎಷ್ಟು ನಿಮಿಷ ಅನ್ನುವುದು ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಏರ್‌ಬ್ಯಾಗ್ ಕಂಪ್ಯೂಟರ್ ಒಳಗೆ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು, ಕವುಚಿ ಅಲ್ಲ.

ಮೈಸೂರು ಡ್ರೈವರಮ್ಮ:
ಅಯ್ಯೋ, ಸ್ಟೇರಿಂಗ್ ಬಿಚ್ಚಿ ನೆಟ್ಟಗೆ ಮಾಡಿಕೊಡುವುದು ಎಲ್ಲಾ ಕಡೆ ನಡೆಯುತ್ತದಲ್ಲ! ನಮ್ಮ ಗಾಡಿಗೂ ಮಾಡಿದ್ದರು. ಅದು ಹಳೇ ಮಾಡೆಲ್, ಇಎಸ್‌ಪಿ ಇರಲಿಲ್ಲ. ಅದಕ್ಕೇ ಗೊತ್ತಾಗಲಿಲ್ಲ ಅನಿಸುತ್ತೆ.

ಹುಬ್ಬಳ್ಳಿ ಗ್ಯಾರೇಜ್:
ಹೌದು ಮೇಡಂ. ಹಳೇ ಗಾಡಿಯಲ್ಲೂ ಅದು ತಪ್ಪೇ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ.

ಹಳೇ ಅಂಬಾಸಿಡರ್:
ನೀವೆಲ್ಲ ಹೇಳುತ್ತಿರುವುದೇ ನನ್ನ ಮಾತಿಗೆ ಸಾಕ್ಷಿ. ಒಂದು ಹಲ್ಲು ತಪ್ಪಿದರೆ ಘಾಟಿಯಲ್ಲಿ ತಾನೇ ಬ್ರೇಕ್ ಹಿಡಿಯುವ ಯಂತ್ರ ಅದು. ಅದರಿಂದ ಲಾಭ ಜಾಸ್ತಿಯೋ ಅಪಾಯ ಜಾಸ್ತಿಯೋ? ಊರಿನ ಮೇಸ್ತ್ರಿಗೆ ರಿಪೇರಿ ಮಾಡಲು ಬಾರದ ವಸ್ತು ಊರಿನ ರಸ್ತೆಗೆ ಯಾಕೆ?

ಮ್ಯೂನಿಕ್ ಕನ್ನಡಿಗ:
ಅಂಬಾಸಿಡರ್ ಸರ್, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎಷ್ಟೇ ನುರಿತ ಡ್ರೈವರ್‌ಗೂ ಇರುವುದು ಒಂದೇ ಬ್ರೇಕ್ ಪೆಡಲ್. ಒತ್ತಿದರೆ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಎಡ ಹಿಂದಿನ ಚಕ್ರ ಒಂದನ್ನೇ ಹಿಡಿಯಲು ಮನುಷ್ಯನ ಕೈಲಿ ಆಗುವುದಿಲ್ಲ. ಇಎಸ್‌ಪಿಗೆ ಆಗುತ್ತದೆ.

ಬಾಷ್‌ನ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಬಂತು. ಇಎಸ್‌ಪಿ ಬಂದಿದ್ದು 1995ರಲ್ಲಿ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಹೊಸ ಮರ್ಸಿಡಿಸ್ ಎ ಕ್ಲಾಸನ್ನು ಪರೀಕ್ಷೆ ಮಾಡಿದರು. ರಸ್ತೆಗೆ ಮೂಸ್ (ಅಲ್ಲಿನ ದೊಡ್ಡ ಜಿಂಕೆ ಜಾತಿ) ತರಹದ ದೊಡ್ಡ ಪ್ರಾಣಿ ಅಡ್ಡ ಬಂದರೆ ಹೇಗೆ ತಪ್ಪಿಸುತ್ತೀರೋ ಹಾಗೆ ಸ್ಟೇರಿಂಗ್ ಎಳೆದು ತಿರುಗಿಸುವ ಪರೀಕ್ಷೆ ಅದು. ಕಾರು ಉರುಳಿಬಿತ್ತು. ಆಮೇಲೆ ಕಂಪನಿ ಎಲ್ಲಾ ಎ ಕ್ಲಾಸ್‌ಗೂ ಇಎಸ್‌ಪಿ ಹಾಕಿಕೊಟ್ಟಿತು. ದೊಡ್ಡ ಕಾರಿನ ವಸ್ತು ಸಣ್ಣ ಕಾರಿಗೆ ಇಳಿದಿದ್ದು ಹೀಗೆ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲಾ ಹೊಸ ಕಾರಿಗೂ ಇದು ಕಡ್ಡಾಯ. ಸಕಲೇಶಪುರದಲ್ಲಿ ಮೂಸ್ ಇಲ್ಲದಿದ್ದರೂ ಆನೆ, ದನ ಎರಡೂ ಇವೆ.

ಲಂಡನ್ ರಾಯರು:
ಇಲ್ಲಿ ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಅನ್ನುವ ಸುರಕ್ಷತಾ ಪರೀಕ್ಷೆ. ಇಎಸ್‌ಸಿ (ಇಎಸ್‌ಪಿಯದೇ ಇನ್ನೊಂದು ಹೆಸರು) ದೋಷದ ಲೈಟ್ ಉರಿಯುತ್ತಿದ್ದರೆ ಫೇಲ್. ಅದು ಸರಿಯಾಗದೆ ಪಾಸ್ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಲೈಟನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಕರಾವಳಿ ಟ್ಯಾಕ್ಸಿ:
ಬಲ್ಬ್ ತೆಗೆದು ಗಾಡಿ ಮಾರುವವರೂ ಇದ್ದಾರೆ ಮಾರಾಯ್ರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇಗ್ನಿಷನ್ ಆನ್ ಮಾಡಿ ನೋಡಿ. ಎಬಿಎಸ್, ಇಎಸ್‌ಪಿ, ಏರ್‌ಬ್ಯಾಗ್ ಲೈಟ್ ಎಲ್ಲಾ ಒಮ್ಮೆ ಬಂದು ಆರಬೇಕು. ಬರಲೇ ಇಲ್ಲ ಅಂದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ.

ನನ್ನ ಗಾಡಿಗೆ ಒಂದು ಸಲ ಮುಂದಿನ ಬೇರಿಂಗ್ ಬದಲಾಯಿಸಿದರು. ಅಂಗಡಿಯಿಂದ ಹೊರಟು ಸ್ವಲ್ಪ ಸ್ಪೀಡ್ ಹತ್ತಿದ ಕೂಡಲೇ ಎಬಿಎಸ್, ಇಎಸ್‌ಪಿ ಎರಡೂ ಲೈಟ್. ಚಕ್ರದ ಸ್ಪೀಡ್ ಅಳೆಯುವ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು. ಸರಿಯಾಗಲಿಲ್ಲ. ಕೊನೆಗೆ ಉಡುಪಿಯ ಒಬ್ಬ ಹಿರಿಯ ಮೆಕ್ಯಾನಿಕ್ ಬೇರಿಂಗ್ ಬಿಚ್ಚಿ ತೋರಿಸಿದರು. ಬೇರಿಂಗನ್ನೇ ತಿರುವುಮುರುವು ಪ್ರೆಸ್ ಮಾಡಿದ್ದರು!

ಐಟಿಐ ಮೇಷ್ಟ್ರು:
ಕರಾವಳಿಯವರು ಹೇಳಿದ್ದನ್ನು ನಾನು ಪ್ರತಿ ಬ್ಯಾಚ್‌ಗೂ ತೋರಿಸುತ್ತೇನೆ. ಈಗಿನ ಬೇರಿಂಗ್‌ನ ಒಂದು ಬದಿಯ ಸೀಲ್ ಒಳಗೇ ಕಾಂತದ ಪಟ್ಟಿ ಇರುತ್ತದೆ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸುತ್ತಲೂ. ನೋಡಲು ಎರಡೂ ಬದಿ ಕಪ್ಪು ರಬ್ಬರೇ, ವ್ಯತ್ಯಾಸ ಕಾಣುವುದಿಲ್ಲ. ಕಾಂತದ ಬದಿ ಸೆನ್ಸರ್ ಕಡೆಗೇ ಬರಬೇಕು. ತಿಳಿಯಲು ಒಂದು ಕಾರ್ಡ್ ಸಿಗುತ್ತದೆ. ಸೀಲ್ ಮೇಲೆ ಇಟ್ಟರೆ ಗೆರೆ ಗೆರೆ ಮೂಡುತ್ತದೆ. ಕಾರ್ಡ್ ಇಲ್ಲದಿದ್ದರೆ ಸಣ್ಣ ಪೇಪರ್ ಕ್ಲಿಪ್ಪನ್ನು ಹತ್ತಿರ ಹಿಡಿಯಿರಿ, ಕಾಂತದ ಬದಿ ಮೆಲ್ಲಗೆ ಎಳೆಯುತ್ತದೆ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಆ ಪಟ್ಟಿ ಒಡೆಯುತ್ತದೆ. ಕಬ್ಬಿಣದ ಪುಡಿ ಇರುವ ಬೆಂಚಿನ ಮೇಲೆ ಇಟ್ಟರೆ ಪುಡಿ ಅಂಟಿಕೊಂಡು ಸಿಗ್ನಲ್ ಕೆಡುತ್ತದೆ.

ಗದಗ ಗಾಡಿ:
ಸೆನ್ಸರ್ ಚೆಕ್ ಮಾಡಲು ಸ್ಕ್ಯಾನರ್ ಯಾಕ್ರೀ? ಮಲ್ಟಿಮೀಟರ್ ಹಾಕಿ ಓಮ್ಸ್ ನೋಡಿದರೆ ಆಯ್ತು. ಸಾವಿರದ ಆಸುಪಾಸು ಬಂದರೆ ಸೆನ್ಸರ್ ಚಲೋ ಐತಿ ಅಂತ.

ಪೀಣ್ಯ ವೈರಿಂಗ್:
ಗದಗದವರೇ, ಅದು ಹಳೇ ಎರಡು ವೈರಿನ ಕಾಯಿಲ್ ಸೆನ್ಸರ್‌ಗೆ ಸರಿ. ಈಗಿನವು ಆಕ್ಟಿವ್ ಸೆನ್ಸರ್. ಇವಕ್ಕೂ ಎರಡೇ ವೈರ್, ಅದಕ್ಕೇ ಜನ ಮೋಸ ಹೋಗುತ್ತಾರೆ. ಒಳಗೆ ಚಿಪ್ ಇರುತ್ತದೆ. ಓಮ್ಸ್ ನೋಡಿದರೆ ಏನೂ ತಿಳಿಯುವುದಿಲ್ಲ, ಮೀಟರಿನ ಕರೆಂಟಿನಿಂದ ಚಿಪ್ ಸುಟ್ಟರೂ ಸುಟ್ಟೀತು. ಅದು 7 ಮಿಲಿ ಆಂಪಿಯರ್, 14 ಮಿಲಿ ಆಂಪಿಯರ್ ಅಂತ ಮೇಲೆ ಕೆಳಗೆ ಹೋಗುತ್ತದೆ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ಸ್ಪೀಡ್ ನೋಡುವುದೇ ಸುಲಭ ದಾರಿ.

ಗದಗ ಗಾಡಿ:
ಹಂಗಾ? ಇದು ನನಗೆ ಹೊಸದು. ನಮ್ಮ ಕಡೆ ಎಲ್ಲಾರೂ ಓಮ್ಸೇ ನೋಡ್ತಾರ್ರೀ. ಹೇಳಿದ್ದು ಚಲೋ ಆತು.

ಮೈಸೂರು ಡ್ರೈವರಮ್ಮ:
ಸೆನ್ಸರ್ ಬದಲಾಯಿಸುವ ಮೊದಲು ವೈರ್ ನೋಡಿ ಅಂತ ನಾನು ಹೇಳುತ್ತೇನೆ. ನಮ್ಮ ಮನೆ ಗಾಡಿಯಲ್ಲಿ ಇಲಿ ಕಡಿದಿತ್ತು. ಹಿಂದಿನ ಚಕ್ರದ ವೈರ್, ಸೀಟಿನ ಕೆಳಗೆ, ಮಗು ಚೆಲ್ಲಿದ ಬಿಸ್ಕತ್ ಪುಡಿ ಇದ್ದ ಜಾಗದಲ್ಲೇ. ವೈರಿನ ಮೇಲಿನ ಕವಚ ಒಂದು ಬೆರಳಿನಷ್ಟು ಹೋಗಿ ತಾಮ್ರ ಹಸಿರಾಗಿತ್ತು. ಒಂದು ಕಡೆ ಪೂರ್ತಿ ಸೆನ್ಸರ್ ಸೆಟ್‌ಗೆ ರೇಟ್ ಹೇಳಿದ್ದರು. ಇನ್ನೊಂದು ಕಡೆ ವೈರ್ ಬೆಸೆದು ಮುಗಿಸಿದರು.

ಇನ್ನೊಂದು ಪ್ರಶ್ನೆ. ಬ್ಯಾಟರಿ ಬದಲಾಯಿಸಿದ ದಿನ ಇಎಸ್‌ಪಿ ಲೈಟ್ ಬಂತು. ಅಂಗಡಿಯವರು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರು. ಸ್ವಲ್ಪ ದೂರ ಓಡಿಸಿದ ಮೇಲೆ ಆರಿತು. ಅದು ಸರಿಯಾ?

ಹುಬ್ಬಳ್ಳಿ ಗ್ಯಾರೇಜ್:
ಸರಿ ಮೇಡಂ. ಕೆಲವು ಗಾಡಿ ಹಾಗೆ ತಾನೇ ಕಲಿತುಕೊಳ್ಳುತ್ತದೆ. ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು. ವೋಲ್ಟೇಜ್ ಕಡಿಮೆ ಇದ್ದರೂ ಈ ಲೈಟ್ ಬರುತ್ತದೆ. ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ ಕೆಟ್ಟರೂ ಬರುತ್ತದೆ. ಅದು ತುಂಬಾ ಕಡಿಮೆ ಬೆಲೆಯ ವಸ್ತು. ಹಿಂದಿನ ಬ್ರೇಕ್ ಲೈಟ್ ಸರಿಯಾಗಿ ಉರಿಯುತ್ತಿದೆಯಾ ಅಂತ ಮೊದಲು ನೋಡಿ.

ಲೈಟ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹಳದಿ ಎಬಿಎಸ್ ಅಥವಾ ಇಎಸ್‌ಪಿ ಲೈಟ್ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದರ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಗಾಡಿ ನಿಲ್ಲಿಸಿ. ಇಬಿಡಿ ಹೋಗಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಸೋರಿರಬಹುದು.

ಚಿಕ್ಕಮಗಳೂರು ಮಳೆ:
ಬ್ರೇಕ್ ಆಯಿಲ್ ಅಂದಿರಿ, ಅಲ್ಲಿಗೇ ಬರುತ್ತೇನೆ. ಘಾಟಿಗೆ ಡಾಟ್ 5 (ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ) ಹಾಕಿಸಿಕೊಳ್ಳಿ, ಕುದಿಯುವುದಿಲ್ಲ ಅಂತ ಒಬ್ಬರು ಹೇಳಿದರು. 4ಕ್ಕಿಂತ 5 ದೊಡ್ಡದು, ಒಳ್ಳೆಯದೇ ಇರಬೇಕು ಅಲ್ವಾ?

ಐಟಿಐ ಮೇಷ್ಟ್ರು:
ಬೇಡವೇ ಬೇಡ. ಡಾಟ್ 5 ಅಂದರೆ ಸಿಲಿಕೋನ್. ಅದನ್ನು ಡಾಟ್ 3, ಡಾಟ್ 4 ಜೊತೆ ಬೆರೆಸುವಂತಿಲ್ಲ, ಎಬಿಎಸ್ ಗಾಡಿಗೆ ಹಾಕುವಂತಿಲ್ಲ. ಡಾಟ್ 5.1 ಅನ್ನುವುದು ಬೇರೆಯೇ, ಅದು ಡಾಟ್ 4ರ ಜಾತಿ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದನ್ನೇ ಹಾಕಿಸಿ. ಕೆಲವು ಇಎಸ್‌ಪಿ ಗಾಡಿಗಳಿಗೆ ತೆಳುವಾದ ಡಾಟ್ 4 ಎಲ್‌ವಿ ಹೇಳಿರುತ್ತಾರೆ. ಪಂಪಿನ ಸಣ್ಣ ವಾಲ್ವ್‌ಗಳಲ್ಲಿ, ಅದರಲ್ಲೂ ಚಳಿಯಲ್ಲಿ, ಅದು ಬೇಗ ಹರಿಯುತ್ತದೆ.

ಕುದಿಯುವ ಭಯಕ್ಕೆ ಮದ್ದು ಆಯಿಲ್ ಬದಲಾಯಿಸುವುದು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ಮಿತಿ 155 ಡಿಗ್ರಿ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತವೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಅದನ್ನು ಮುಂದೂಡಬಾರದು.

ತುಮಕೂರು ಟೈರ್:
ಆಯಿಲ್ ಬದಲಾಯಿಸುವಾಗ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಗಾಳಿ ಎಬಿಎಸ್ ಪಂಪ್ ಒಳಗೆ ಹೊಕ್ಕಿತು ಅಂದರೆ ಎಷ್ಟು ಪೆಡಲ್ ತುಳಿದರೂ ಬರುವುದಿಲ್ಲ. ಸ್ಕ್ಯಾನರ್‌ನಿಂದ ಪಂಪ್ ಓಡಿಸಿಯೇ ಏರ್ ತೆಗೆಯಬೇಕು.

ಹುಬ್ಬಳ್ಳಿ ಗ್ಯಾರೇಜ್:
ಪ್ಯಾಡ್ ಬದಲಾಯಿಸುವಾಗಲೂ ಅಷ್ಟೇ. ಪಿಸ್ಟನ್ ಒಳಗೆ ತಳ್ಳಿದರೆ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಕೊಳಕು ಆಯಿಲ್ ವಾಪಸ್ ಎಬಿಎಸ್ ಕಡೆಗೆ ಹೋಗುತ್ತದೆ. ನಾನು ಹೋಸ್ ಕ್ಲಾಂಪ್ ಹಾಕಿ, ನಿಪ್ಪಲ್ (ಆಯಿಲ್ ಹೊರಬಿಡುವ ಸ್ಕ್ರೂ) ತೆರೆದು, ಕೊಳಕನ್ನು ಹೊರಗೇ ಬಿಡುತ್ತೇನೆ.

ಪೀಣ್ಯ ವೈರಿಂಗ್:
ಹೋಸ್ ಕ್ಲಾಂಪ್ ನನಗೆ ಒಪ್ಪಿಗೆ ಇಲ್ಲ. ಹಳೇ ಹೋಸ್ ಒಳಗೇ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನಿಪ್ಪಲ್ ತೆರೆದು ನಿಧಾನ ತಳ್ಳಿದರೆ ಸಾಕು.

ಹುಬ್ಬಳ್ಳಿ ಗ್ಯಾರೇಜ್:
ಗುಂಡನೆ ಬಾಯಿಯ ಕ್ಲಾಂಪ್ ಬಳಸುತ್ತೇನೆ, ಪ್ಲೈಯರ್ ಅಲ್ಲ. ಆದರೂ ಹೋಸ್ ಹಳೆಯದಾಗಿದ್ದರೆ ನಿಮ್ಮ ಮಾತೇ ಸರಿ.

ಐಟಿಐ ಮೇಷ್ಟ್ರು:
ಇಲ್ಲಿಯವರೆಗೆ ಗಾಡಿಯ ಸುರಕ್ಷತೆ ಮಾತಾಡಿದೆವು. ಕೆಲಸ ಮಾಡುವ ಹುಡುಗರ ಕೈ ಬೆರಳಿನ ವಿಷಯ ಯಾರೂ ಎತ್ತಿಲ್ಲ. ನನಗೆ ಅದೇ ಮುಖ್ಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬೇರಿಂಗ್ ಸದ್ದು ಕೇಳಲು ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಗೇರ್ ಹಾಕಿ ಓಡಿಸುವ ಅಭ್ಯಾಸ ಇದೆ. ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಗಾಡಿಯಲ್ಲಿ ಏನಾಗುತ್ತದೆ? ಮುಂದಿನ ಚಕ್ರ ತಿರುಗುತ್ತಿದೆ, ಹಿಂದಿನದು ನಿಂತಿದೆ. ಗಾಡಿ ಜಾರುತ್ತಿದೆ ಅಂತ ತಿಳಿದು ಒಂದು ಚಕ್ರವನ್ನು ಗಬಕ್ಕನೆ ಹಿಡಿಯುತ್ತದೆ. ಆಗ ಅದರ ಜೋಡಿ ಚಕ್ರಕ್ಕೆ ಬಲ ಹೋಗಿ ಅದು ಎರಡರಷ್ಟು ಜೋರಾಗಿ ತಿರುಗುತ್ತದೆ. ಅದರ ಹತ್ತಿರ ಕಿವಿ ಇಟ್ಟವನ ಗತಿ ಏನು? ಆದಷ್ಟು ಕೈಯಲ್ಲೇ ತಿರುಗಿಸಿ ನೋಡಿ. ಓಡಿಸಲೇಬೇಕು ಅಂದರೆ ಟ್ರ್ಯಾಕ್ಷನ್ ಆಫ್ ಮಾಡಿ, ಕಂಪನಿ ಹೇಳಿದ ಟೆಸ್ಟ್ ಮೋಡ್ ಇದ್ದರೆ ಅದನ್ನು ಹಾಕಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಬ್ರೇಕ್ ಟೆಸ್ಟ್ ಮಾಡುವ ರೋಲರ್ ಮೇಲೂ ಇದೇ ಮಾತು. ಫೋರ್ ವೀಲ್ ಡ್ರೈವ್ ಗಾಡಿಯ ಎರಡು ಚಕ್ರ ಮಾತ್ರ ಜಾಕಿ ಮೇಲೆತ್ತಿ ಗೇರ್ ಹಾಕಲೇಬಾರದು. ನೆಲದ ಮೇಲಿರುವ ಎರಡು ಚಕ್ರ ಹಿಡಿತ ಸಿಕ್ಕ ಕೂಡಲೇ ಗಾಡಿಯನ್ನು ಜಾಕಿಯಿಂದ ಎಳೆದು ಕೆಡವುತ್ತವೆ.

ಬಟನ್ ಒತ್ತುವ ಪಾರ್ಕಿಂಗ್ ಬ್ರೇಕ್ ಬಂದಿದೆ. ಹಿಂದಿನ ಕ್ಯಾಲಿಪರಿನಲ್ಲೇ ಮೋಟಾರ್ ಇರುತ್ತದೆ. ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ತಳ್ಳಿದರೆ ಮೋಟಾರ್ ಒಡೆಯುತ್ತದೆ. ಪ್ಯಾಡ್ ತೆಗೆದಾಗ ಯಾರಾದರೂ ಒಳಗೆ ಕೂತು ಬಟನ್ ಒತ್ತಿದರೆ ಬೆರಳು ಹೋಗುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಕೀ ಯಾವಾಗಲೂ ಕೆಲಸ ಮಾಡುವವನ ಜೇಬಿನಲ್ಲಿ ಇರಬೇಕು ಅಂತ ನಿಯಮ.

ಕೆಲವು ಹೈಬ್ರಿಡ್ ಗಾಡಿಗಳಲ್ಲಿ ಬ್ರೇಕ್ ಒತ್ತಡವನ್ನು ಪಂಪೇ ತಯಾರಿಸಿ ಇಟ್ಟುಕೊಂಡಿರುತ್ತದೆ. ಬಾಗಿಲು ತೆರೆದರೂ ಪಂಪ್ ಓಡುವ ಗಾಡಿಗಳಿವೆ. ಕ್ಯಾಲಿಪರ್ ಬಿಚ್ಚಿಟ್ಟಾಗ ಅದು ಓಡಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಪಂಪ್ ನಿಲ್ಲಿಸುವ, ಒತ್ತಡ ಇಳಿಸುವ ಕ್ರಮ ಇರುತ್ತದೆ. ಅದನ್ನು ಓದದೆ ಪಾನಾ ಹಿಡಿಯಬೇಡಿ.

ಇಗ್ನಿಷನ್ ಆನ್ ಇದ್ದಾಗ ಇಎಸ್‌ಪಿ ಕನೆಕ್ಟರ್ ಎಳೆಯಬೇಡಿ. ಬಾಡಿಗೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ತೆಗೆದು ಆ ಕನೆಕ್ಟರನ್ನೂ ಬಿಡಿಸಿ.

ಗದಗ ಗಾಡಿ:
ಮೇಷ್ಟ್ರೇ, ಇದನ್ನ ಪ್ರಿಂಟ್ ತೆಗೆದು ಗ್ವಾಡಿಗೆ ಹಚ್ಚತೀನಿ.

ಕರಾವಳಿ ಟ್ಯಾಕ್ಸಿ:
ಮ್ಯೂಸಿಕ್ ಸಿಸ್ಟಮ್ ಹಾಕಿಸುವವರೂ ಸ್ವಲ್ಪ ಜಾಗ್ರತೆ. ಗೆಳೆಯನ ಗಾಡಿಯಲ್ಲಿ ಕನ್ಸೋಲ್ ಬಿಚ್ಚಿ ಆಂಪ್ಲಿಫೈಯರ್ ಕೂರಿಸುವಾಗ ಯಾ ಸೆನ್ಸರನ್ನು ತೆಗೆದು ಪಕ್ಕಕ್ಕೆ ಟೇಪ್ ಸುತ್ತಿ ಇಟ್ಟಿದ್ದರು. ಇಎಸ್‌ಪಿ ಲೈಟ್ ಬಾರದೆ ಇರುತ್ತದಾ?

ಪೀಣ್ಯ ವೈರಿಂಗ್:
ಅದರ ಮೇಲೆ ಬಾಣದ ಗುರುತು ಇರುತ್ತದೆ. ಆ ದಿಕ್ಕಿಗೇ, ಸಮತಟ್ಟಾಗಿ, ಬೋಲ್ಟ್ ಬಿಗಿದು ಕೂರಬೇಕು. ಕೆಳಗೆ ಬಿದ್ದ ಸೆನ್ಸರನ್ನು ವಾಪಸ್ ಹಾಕಬೇಡಿ. ಹೊಸದು ಹಾಕಿದರೆ ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿ ಸೊನ್ನೆ ಕೊಡಬೇಕು.

ಚಿಕ್ಕಮಗಳೂರು ಮಳೆ:
ತೋಟದ ದಾರಿಯಲ್ಲಿ ಕೆಸರಿಗೆ ಸಿಕ್ಕಿಕೊಂಡರೆ ಟ್ರ್ಯಾಕ್ಷನ್ ಆಫ್ ಮಾಡಬೇಕು ಅಂತಾರೆ. ನಿಜವಾ?

ಹುಬ್ಬಳ್ಳಿ ಗ್ಯಾರೇಜ್:
ಹೌದು. ಕೆಸರು, ಮರಳಿನಲ್ಲಿ ಚಕ್ರ ಸ್ವಲ್ಪ ತಿರುಗಬೇಕು. ಎಂಜಿನ್ ಬಲ ಕಡಿಮೆ ಮಾಡಿದರೆ ಗಾಡಿ ಅಲ್ಲೇ ಕೂರುತ್ತದೆ. ಆಫ್ ಮಾಡಿ, ಹೊರಗೆ ಬನ್ನಿ, ಟಾರ್ ರೋಡಿಗೆ ಬಂದ ಕೂಡಲೇ ಆನ್ ಮಾಡಿ.

ಸಕಲೇಶಪುರ ಕಾಫಿ:
ಎಲ್ಲರಿಗೂ ತುಂಬಾ ಧನ್ಯವಾದ. ಕೆಲಸ ಆಯಿತು, ಅದನ್ನು ಹೇಳಲು ಬಂದೆ.

ಸ್ಕ್ಯಾನರ್ ಇರುವ ಅಲೈನ್‌ಮೆಂಟ್ ಅಂಗಡಿಯೊಂದಕ್ಕೆ ಹೋದೆ. ಸ್ಟೇರಿಂಗ್ ನೆಟ್ಟಗೆ ಹಿಡಿದು ಗಾಡಿ ನಿಲ್ಲಿಸಿದರು. ಸ್ಕ್ರೀನ್ ಮೇಲೆ ಸೊನ್ನೆ ಬರಬೇಕಾದ ಕಡೆ 10 ಡಿಗ್ರಿಗಿಂತ ಜಾಸ್ತಿ ತೋರಿಸುತ್ತಿತ್ತು. ಬ್ಯಾಟರಿ ತೆಗೆದು, ಕಾದು, ವೀಲ್ ಬಿಚ್ಚಿದರು. ಕಾಲಂ ಮೇಲೆ ಕಂಪನಿಯ ಗುರುತು ಒಂದು ಕಡೆ, ವೀಲಿನ ಗುರುತು ಇನ್ನೊಂದು ಕಡೆ. ಪಕ್ಕದ ಹಲ್ಲಿಗೇ ಕೂರಿಸಿದ್ದರು. ಗುರುತು ಸೇರಿಸಿ ಕೂರಿಸಿದ ಮೇಲೆ ಸ್ಟೇರಿಂಗ್ ಮತ್ತೆ ಬಲಕ್ಕೆ ವಾಲಿತು. ಆಮೇಲೆ ಟೈ ರಾಡ್ ಎರಡೂ ಕಡೆ ಹೊಂದಿಸಿದರು. ವಾಲಿದ್ದು ಹೋಯಿತು. ಕೊನೆಗೆ ಸೊನ್ನೆ ಕೊಟ್ಟು, ಕಂಪ್ಯೂಟರ್‌ನಲ್ಲಿದ್ದ ದೋಷದ ಕೋಡ್ ಅಳಿಸಿದರು. ನನ್ನನ್ನೂ ಕೂರಿಸಿಕೊಂಡು ಒಂದು ರೌಂಡ್ ಹೋದರು. ಅದೇ ದಿನ ಘಾಟಿ ಇಳಿದೆ. ಲೈಟ್ ಇಲ್ಲ, ಎಳೆತ ಇಲ್ಲ.

ಮೊದಲಿನ ಅಂಗಡಿಗೂ ಹೋಗಿ ಹೇಳಿದೆ. ಹುಡುಗನಿಗೆ ಬೇಜಾರಾಯಿತು. "ನನಗೆ ಯಾರೂ ಹೇಳಿಕೊಟ್ಟಿಲ್ಲ ಸರ್" ಅಂದ. ಏರ್‌ಬ್ಯಾಗ್ ವಿಷಯ ಹೇಳಿದಾಗ ಅವನ ಮಾಲೀಕರೂ ಗಾಬರಿಯಾದರು.

ಹಳೇ ಅಂಬಾಸಿಡರ್:
ಸರಿಯಾಯಿತಲ್ಲ, ಸಂತೋಷ. ಫ್ಯೂಸ್ ಕೀಳಿ ಅನ್ನುವ ಮಾತನ್ನು ಬಿಟ್ಟೆ. ಇಬಿಡಿಯೂ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಆದರೆ ನನ್ನ ಇನ್ನೊಂದು ಮಾತು ಹಾಗೇ ಇದೆ. ಆ ಹುಡುಗನಿಗೆ ಯಾರು ಕಲಿಸಬೇಕು? 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಮಾಡಿದರು. ಇಎಸ್‌ಪಿಯೂ ಸಣ್ಣ ಕಾರಿಗೆ ಬರುತ್ತಿದೆ. ರಿಪೇರಿ ಕ್ರಮ ಮಾತ್ರ ಕಂಪನಿ ಸರ್ವಿಸ್ ಸೆಂಟರ್ ಒಳಗೇ ಉಳಿದಿದೆ.

ಐಟಿಐ ಮೇಷ್ಟ್ರು:
ಇದರಲ್ಲಿ ನಾನು ನಿಮ್ಮ ಕಡೆ ಸರ್. ಮ್ಯಾನ್ಯುಯಲ್ ಎಲ್ಲಾ ಗ್ಯಾರೇಜಿಗೂ ಸಿಗಬೇಕು, ಕನ್ನಡದಲ್ಲೂ ಸಿಗಬೇಕು. ನಮ್ಮ ಹುಡುಗರು ದಡ್ಡರಲ್ಲ. ಒಂದು ಸಲ ಬೇರಿಂಗ್ ಮೇಲೆ ಕಾರ್ಡ್ ಇಟ್ಟು ತೋರಿಸಿದರೆ ಮತ್ತೆ ಮರೆಯುವುದಿಲ್ಲ.

ಮೈಸೂರು ಡ್ರೈವರಮ್ಮ:
ನಮ್ಮಂಥವರು ಅಲೈನ್‌ಮೆಂಟ್ ಅಂಗಡಿಯಲ್ಲಿ ಏನು ಕೇಳಬೇಕು? ಒಂದೆರಡು ಮಾತಿನಲ್ಲಿ ಹೇಳಿ.

ಹುಬ್ಬಳ್ಳಿ ಗ್ಯಾರೇಜ್:
"ಸ್ಟೇರಿಂಗ್ ವಾಲಿದರೆ ಟೈ ರಾಡ್‌ನಲ್ಲೇ ಸರಿ ಮಾಡುತ್ತೀರಾ? ಆಮೇಲೆ ಆಂಗಲ್ ಸೆನ್ಸರ್‌ಗೆ ಸೊನ್ನೆ ಕೊಡಲು ಸ್ಕ್ಯಾನರ್ ಇದೆಯಾ?" ಇಷ್ಟು ಕೇಳಿ ಮೇಡಂ. ಎರಡಕ್ಕೂ ಹೌದು ಅಂದರೆ ಮಾತ್ರ ಕೀ ಕೊಡಿ.